ಬೇಟೆಯಿಂದ ಸಫಾರಿಗೆ: ಕಬಿನಿ ಕಾಡಿನ ನೂರೈವತ್ತು ವರ್ಷ



ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಈ ಸಲ ಬಂಡೀಪುರಕ್ಕೆ ಹೋಗುವುದೋ, ಕಬಿನಿಗೆ ಹೋಗುವುದೋ? ಹೋಗಿ ಬಂದವರನ್ನು ಅಕ್ಕಪಕ್ಕದವರು ಕೇಳುವ ಮೊದಲ ಪ್ರಶ್ನೆ ನಿಮಗೂ ಗೊತ್ತು: "ಹುಲಿ ಸಿಕ್ತಾ?" ನಾನಿರುವ ಮಹಾಲಕ್ಷ್ಮಿ ಲೇಔಟಿನಲ್ಲೂ ಇದೇ ಪ್ರಶ್ನೆ, ಮೈಸೂರಿನಲ್ಲೂ ಇದೇ ಪ್ರಶ್ನೆ. ಸ್ವಲ್ಪ ಯೋಚಿಸಿ ನೋಡಿ. "ಹುಲಿ ಕಂಡಿತಾ?" ಎಂದು ಕೇಳುವವರು ಕಡಿಮೆ. ಸಿಗುವುದು ಬೇಟೆಗಾರನಿಗೆ, ಗಾಳ ಹಾಕಿ ಕುಳಿತವನಿಗೆ. ಕೋವಿ ಹಿಡಿದು ಕಾಡಿಗೆ ಹೋಗುವ ಕಾಲ ಮುಗಿದು ಅರ್ಧ ಶತಮಾನವೇ ಆಯಿತು. ಮಾತು ಮಾತ್ರ ಹಾಗೇ ಉಳಿದಿದೆ. ದೂರದರ್ಶನದಲ್ಲಿ ಕೆಲಸ ಮಾಡುವ ನಾವೂ ಇದಕ್ಕೆ ಹೊರತಲ್ಲ. ಚಿತ್ರೀಕರಣವನ್ನು ನಾವು ಇಂದಿಗೂ 'ಶೂಟಿಂಗ್' ಎಂದೇ ಕರೆಯುತ್ತೇವೆ.

ಭಾಷೆಯಲ್ಲಿ ಉಳಿದ ಇಂಥ ಮಾತುಗಳು ಸುಮ್ಮನೆ ಉಳಿದಿರುವುದಿಲ್ಲ. ಅವುಗಳ ಹಿಂದೆ ಚರಿತ್ರೆ ಇರುತ್ತದೆ. ಇಂದು ನಾವು ಸಫಾರಿ ಎಂದು ಕರೆಯುವ ಪ್ರವಾಸ ಹಿಂದಿನ ಬೇಟೆಯಿಂದಲೇ ಬೆಳೆದು ಬಂದದ್ದು. ಅದೇ ಕಾಡು, ಅದೇ ನದಿಯ ದಂಡೆ, ಬಹಳ ಮಟ್ಟಿಗೆ ಅದೇ ಕಾಡುಜನರ ಜ್ಞಾನ. ಕೋವಿ ಮಾತ್ರ ಇಲ್ಲ. ಆ ಕೋವಿ ಹೇಗೆ ಕೆಳಗಿಳಿಯಿತು, ಇಳಿದ ಮೇಲೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಒಂದು ಸ್ಪಷ್ಟನೆ. ಸಫಾರಿಯಲ್ಲಿ ಎರಡು ಬಗೆ ಇವೆ. ಬನ್ನೇರುಘಟ್ಟದಲ್ಲಿ ನೀವು ಬಸ್ಸಿನಿಂದ ನೋಡುವ ಸಿಂಹ, ಹುಲಿಗಳು ಬೇಲಿ ಹಾಕಿದ ವಿಶಾಲ ಆವರಣದಲ್ಲಿರುತ್ತವೆ. ಅವುಗಳಿಗೆ ಆಹಾರ, ಔಷಧಿ ಎಲ್ಲವನ್ನೂ ಮನುಷ್ಯರೇ ಒದಗಿಸುತ್ತಾರೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಬನ್ನೇರುಘಟ್ಟದಿಂದ 2002ರಲ್ಲಿ ಈ ಭಾಗವನ್ನು ಬೇರ್ಪಡಿಸಿ ಜೈವಿಕ ಉದ್ಯಾನವನವನ್ನಾಗಿ ಮಾಡಲಾಯಿತು. ಬಂಡೀಪುರ, ನಾಗರಹೊಳೆಗಳ ಸಫಾರಿ ಹಾಗಲ್ಲ. ಅಲ್ಲಿ ಪ್ರಾಣಿಗಳು ಸ್ವತಂತ್ರ. ಕಾಣಿಸಿಕೊಳ್ಳಲೇಬೇಕೆಂಬ ಕರಾರು ಅವುಗಳ ಮೇಲಿಲ್ಲ. ನಾನು ಹೇಳಹೊರಟಿರುವುದು ಈ ಎರಡನೆಯ ಬಗೆಯ ಕಥೆ.

ಒಂದು ಪದದ ಪ್ರಯಾಣ

'ಸಫರ್' ಎಂದರೆ ಪ್ರಯಾಣ ಎಂಬುದು ಹಿಂದಿ ಚಿತ್ರಗೀತೆ ಕೇಳುವ ಎಲ್ಲರಿಗೂ ಗೊತ್ತು. ಅದು ಅರಬ್ಬಿ ಮೂಲದ ಪದ. ಪೂರ್ವ ಆಫ್ರಿಕದ ಕರಾವಳಿಗೆ ಬಂದ ಅರಬ್ ವರ್ತಕರ ಸಂಪರ್ಕದಿಂದ ಅದು ಸ್ವಾಹಿಲಿ ಭಾಷೆಯಲ್ಲಿ 'ಸಫಾರಿ' ಆಯಿತು. ಅಲ್ಲಿಯೂ ಅದರ ಅರ್ಥ ಪ್ರಯಾಣ ಎಂದಷ್ಟೇ. ಯುರೋಪಿನ ಮತ್ತು ಅಮೆರಿಕದ ಬೇಟೆಗಾರರು ಅದನ್ನು ಎತ್ತಿಕೊಂಡ ಮೇಲೆ ಅದಕ್ಕೆ ಬೇಟೆಯ ದಂಡಯಾತ್ರೆ ಎಂಬ ಅರ್ಥ ಬಂತು. ಅಧ್ಯಕ್ಷ ಪದವಿಯಿಂದ ಇಳಿದೊಡನೆ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದ ಅಮೆರಿಕದ ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಅವರ ಮಗ ಇಬ್ಬರೇ ಸೇರಿ ಐನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಹೊಡೆದರು. ಅದನ್ನು ಅಂದು ವಿಜ್ಞಾನದ ಸೇವೆ ಎಂದೇ ಭಾವಿಸಲಾಗಿತ್ತು. ಆ ತೊಗಲು, ಮೂಳೆಗಳು ವಸ್ತುಸಂಗ್ರಹಾಲಯಕ್ಕೆ ಹೋದವು.

ಅದೇ ಖಂಡದಲ್ಲಿ ಇನ್ನೊಂದು ದಾರಿಯೂ ತೆರೆಯಿತು. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಸ್ಥಾಪನೆಯಾಗಿ, ಮರುವರ್ಷವೇ ಪ್ರವಾಸಿಗಳ ಕಾರುಗಳು ಒಳಗೆ ಬಂದವು. ಕೊಲ್ಲದೆ ಬರೇ ನೋಡುವುದಕ್ಕೂ ಜನ ಹಣ ಕೊಡುತ್ತಾರೆ ಎಂಬುದು ಆಗ ತಿಳಿಯಿತು. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಆದರೂ ಪದ ಸಾಯಲಿಲ್ಲ, ಅರ್ಥ ಬದಲಿಸಿಕೊಂಡು ನಮ್ಮ ಗುಂಡ್ಲುಪೇಟೆಯವರೆಗೂ ಬಂತು.

ಹೈದರನ ಶಾಪ, ಸ್ಯಾಂಡರ್‌ಸನ್ನನ ಖೆಡ್ಡಾ

ಈಗ ನಮ್ಮ ನಾಡಿಗೆ ಬರೋಣ. ಕಬಿನಿ ನದಿಯ ದಂಡೆಯ ಕಾಕನಕೋಟೆ ಕಾಡು ಆನೆಗಳಿಗೆ ಹೆಸರಾದದ್ದು. ಹೈದರಾಲಿ ಅಲ್ಲಿ ಆನೆಗಳನ್ನು ಹಿಂಡಾಗಿ ಹಿಡಿಯಲು ಪ್ರಯತ್ನಿಸಿ ಸೋತನಂತೆ. ಇದು ಯಾರಿಂದಲೂ ಆಗದ ಕೆಲಸ, ಪ್ರಯತ್ನಿಸುವವನಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಬರೆಸಿದನಂತೆ. ಇದನ್ನು ದಾಖಲಿಸಿದವನು ಜಿ.ಪಿ. ಸ್ಯಾಂಡರ್‌ಸನ್. ಅವನು ಮೈಸೂರು ಸೀಮೆಯ ನೀರಾವರಿ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಕಾಡಿನ ಹುಚ್ಚು ಹಿಡಿದಿದ್ದ ಈತ ಶಾಪಕ್ಕೆ ಅಂಜದೆ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಮ್ಮೆಗೇ ಹಿಡಿದ. 1878ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿಯೂ ಪ್ರಕಟಿಸಿದ.

ಖೆಡ್ಡಾ ನಡೆಯುತ್ತಿದ್ದ ರೀತಿ ಹೀಗೆ. ನೂರಾರು ಜನ ತಮಟೆ ಬಡಿಯುತ್ತಾ, ಕೂಗು ಹಾಕುತ್ತಾ, ಬೆಂಕಿ ತೋರಿಸುತ್ತಾ ಆನೆಗಳ ಹಿಂಡನ್ನು ದಿನಗಟ್ಟಲೆ ನಿಧಾನವಾಗಿ ಒತ್ತರಿಸಿಕೊಂಡು ಬರುತ್ತಿದ್ದರು. ಸುತ್ತಲೂ ಆಳವಾದ ಕಂದಕ, ದಪ್ಪ ಮರದ ದಿಮ್ಮಿಗಳ ಬೇಲಿ. ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಹಿಂಡು ಒಳಹೊಕ್ಕ ಕೂಡಲೇ ಮೇಲಿನಿಂದ ಬಾಗಿಲು ಬೀಳುತ್ತಿತ್ತು. ಆಮೇಲೆ ಪಳಗಿದ ಆನೆಗಳ ಸಹಾಯದಿಂದ ಒಂದೊಂದನ್ನೇ ಹಗ್ಗ ಹಾಕಿ ಕಟ್ಟುತ್ತಿದ್ದರು. ಕಾಕನಕೋಟೆಯಲ್ಲಿ ಹಿಂಡನ್ನು ಕಬಿನಿ ಹೊಳೆ ದಾಟಿಸುವ ದೃಶ್ಯವೇ ದೊಡ್ಡ ಆಕರ್ಷಣೆ. ಅದನ್ನು ನೋಡಲೆಂದೇ ಅತಿಥಿಗಳಿಗೆ ಅಟ್ಟಣೆ ಕಟ್ಟುತ್ತಿದ್ದರು. 1922ರಲ್ಲಿ ಬ್ರಿಟಿಷ್ ಯುವರಾಜ ಎಡ್ವರ್ಡ್ ಮೈಸೂರಿಗೆ ಬಂದಾಗಲೂ ಕಾರಾಪುರದಲ್ಲಿ ಖೆಡ್ಡಾ ಏರ್ಪಾಡಾಗಿತ್ತು.

ಇಲ್ಲಿ ಒಂದು ಅಂಶ ಗಮನಿಸಿ. ಸುರಕ್ಷಿತವಾದ ಎತ್ತರದಲ್ಲಿ ಕುಳಿತು, ಕಾಡುಪ್ರಾಣಿಯನ್ನು ಹತ್ತಿರದಿಂದ ನೋಡಿ ರೋಮಾಂಚನಗೊಳ್ಳುವ ಪ್ರವಾಸಿ ಆಗಲೇ ಹುಟ್ಟಿದ್ದ. ಹಗ್ಗ, ಕಂದಕಗಳು ಹೋಗುವುದಷ್ಟೇ ಬಾಕಿಯಿತ್ತು.

ಕಾರಾಪುರವೆಂದಾಗ ಇನ್ನೊಂದು ನೆನಪು. ಅಲ್ಲಿನ ಮಾವುತನ ಮಗ ಸಾಬು ದಸ್ತಗೀರ್ 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಹಾಲಿವುಡ್‌ವರೆಗೆ ಹೋದ. ಮೈಸೂರಿನ ಕಾಡು ಪ್ರಪಂಚದ ಪರದೆಯ ಮೇಲೆ ಮೊದಲು ಹೆಸರು ಮಾಡಿದ್ದು ಆ ಹುಡುಗನಿಂದ. ಖೆಡ್ಡಾದ ಕೊನೆಯ ಅಧ್ಯಾಯವೂ ಕಾಕನಕೋಟೆಯಲ್ಲೇ, 1971ರಲ್ಲಿ. ಆ ವರ್ಷ ಸೆರೆಯಾದ ಆನೆಗಳಲ್ಲಿ ದ್ರೋಣನೂ ಒಬ್ಬ. ಮುಂದೆ ಮೈಸೂರು ದಸರೆಯಲ್ಲಿ ಹದಿನೆಂಟು ಸಲ ಚಿನ್ನದ ಅಂಬಾರಿ ಹೊತ್ತ, ಟಿಪ್ಪು ಸುಲ್ತಾನನ ಕುರಿತ ಟಿ.ವಿ. ಧಾರಾವಾಹಿಯಲ್ಲೂ ಕಾಣಿಸಿಕೊಂಡ. 1998ರಲ್ಲಿ ವಿದ್ಯುತ್ ತಂತಿ ತಗುಲಿ ಸತ್ತ.

ಕಾನೂನು ಬಂದ ವರ್ಷಗಳು

ಮೈಸೂರು ಅರಸರು ಬೇಟೆಯನ್ನೂ ಮಾಡಿದರು, ಕಾಡನ್ನೂ ಕಾಯ್ದರು. 1930ರ ದಶಕದಲ್ಲಿ ಬಂಡೀಪುರದಲ್ಲಿ 90 ಚದರ ಕಿಲೋಮೀಟರ್ ಪ್ರದೇಶವನ್ನು ಪ್ರಾಣಿಗಳಿಗೆಂದು ಕಾದಿರಿಸಲಾಯಿತು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಬೆಳೆಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ಅದನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು.

ನಿಜವಾದ ತಿರುವು ಬಂದದ್ದು 1972ರಲ್ಲಿ. ಆ ವರ್ಷದ ಗಣತಿಯಲ್ಲಿ ಇಡೀ ದೇಶದಲ್ಲಿ ಸುಮಾರು 1,800 ಹುಲಿಗಳಷ್ಟೇ ಉಳಿದಿವೆ ಎಂಬ ಅಂದಾಜು ಹೊರಬಿತ್ತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ವಿಶೇಷವೆಂದರೆ, ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ಅಭಿನಯಿಸಿದ 'ಗಂಧದ ಗುಡಿ' ತೆರೆಗೆ ಬಂದದ್ದೂ ಅದೇ 1973ರಲ್ಲಿ. ಕಾಯ್ದೆಯ ಪುಸ್ತಕ ಓದದ ಲಕ್ಷಾಂತರ ಕನ್ನಡಿಗರಿಗೆ ಅರಣ್ಯ ರಕ್ಷಣೆ ಒಂದು ಗೌರವದ ಕೆಲಸ ಎಂದು ಮನಗಾಣಿಸಿದ್ದು ಆ ಚಿತ್ರ. ರಾಜ್ ಅವರ ಸಮಾಧಿ ಇರುವ ಕಂಠೀರವ ಸ್ಟುಡಿಯೋ ನಮ್ಮ ಬಡಾವಣೆಯಿಂದ ಹೆಚ್ಚು ದೂರವೇನಿಲ್ಲ. ಪಕ್ಕದಲ್ಲೇ ಅವರ ಮಗ ಪುನೀತ್ ಅವರ ಸಮಾಧಿ. ಅದೇ ಹೆಸರಿನ ಪುನೀತ್ ಅವರ ಸಾಕ್ಷ್ಯಚಿತ್ರ 2022ರಲ್ಲಿ, ಅವರ ನಿಧನದ ಮರುವರ್ಷ ತೆರೆಕಂಡಿತು. ತಂದೆಯದು ಕಾಡನ್ನು ಕಾಯುವವನ ಕಥೆ. ಮಗನದು ಕಾಡನ್ನು ನೋಡಲು ಹೊರಟವನ ಕಥೆ. ಐವತ್ತು ವರ್ಷಗಳಲ್ಲಿ ಆದ ಬದಲಾವಣೆ ಈ ಎರಡು ಚಿತ್ರಗಳಲ್ಲೇ ಕಾಣುತ್ತದೆ.

ಅಣೆಕಟ್ಟಿನ ಹಿನ್ನೀರು ತಂದ ಪ್ರವಾಸಿಗರು

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಖೆಡ್ಡಾದ ಮಾಸ್ತಿಗುಡಿ ಸೀಮೆ, ಅದರ ಸುತ್ತಲಿನ ಕಾಡು, ಹಳ್ಳಿಗಳು ಮುಳುಗಿದವು. ಆಗ ಯಾರೂ ಹೆಚ್ಚಾಗಿ ಎಣಿಸದ ಒಂದು ಪರಿಣಾಮ ಉಂಟಾಯಿತು. ಬೇಸಿಗೆಯಲ್ಲಿ ನೀರು ಇಳಿದಂತೆ ಜಲಾಶಯದ ತಳ ತೆರೆದುಕೊಳ್ಳುತ್ತದೆ. ತೇವ ಆರದ ಆ ಮೆಕ್ಕಲು ಮಣ್ಣಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಉಳಿದ ಕಾಡೆಲ್ಲ ಒಣಗಿ ನಿಂತಾಗ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಮರೆಯಿಲ್ಲದ ಬಯಲು, ನೀರು, ಆನೆಗಳ ಹಿಂಡು: ನೋಡುವವನಿಗೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಬೇಕೇ?

1980ರಲ್ಲಿ ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಸಂಸ್ಥೆಯನ್ನು ಕಟ್ಟಿತು. ಅದಕ್ಕೆ ಮಾದರಿಯಾಗಿ, ಜೊತೆಗಾರನಾಗಿ ಬಂದದ್ದು ನೇಪಾಳದ ತರಾಯಿ ತಗ್ಗುನಾಡಿನ ಚಿತ್ವನ್ ಕಾಡಿನಲ್ಲಿ ಪ್ರವಾಸಿಗಳಿಗೆ ಹುಲಿ ತೋರಿಸುತ್ತಿದ್ದ ಟೈಗರ್ ಟಾಪ್ಸ್ ಸಂಸ್ಥೆ. ಮುಂದೆ ಅದು ಹಿಂದೆ ಸರಿದು ಇಡೀ ಹೊಣೆ ಸರ್ಕಾರದ್ದಾಯಿತು. ಕಾರಾಪುರದಲ್ಲಿ ಅರಸರ ಬೇಟೆ ಬಂಗಲೆಯಿದ್ದ ಜಾಗದಲ್ಲೇ ಅತಿಥಿಗೃಹ ತೆರೆಯಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಎಳವೆಯಲ್ಲಿ ಬೇಟೆಯಾಡಿದ್ದವರು, ಆಮೇಲೆ ಬೇಟೆ ಬಿಟ್ಟು ಕಾಡು ತೋರಿಸುವುದನ್ನೇ ಬದುಕಾಗಿಸಿಕೊಂಡವರು. 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯೇ ಅವರ ಮನೆಯಾಗಿತ್ತು.

ಜೀಪಿನಲ್ಲಿ ಕುಳಿತಾಗ ಚಾಲಕ ಥಟ್ಟನೆ ಎಂಜಿನ್ ಆರಿಸಿ ಕಿವಿಗೊಡುವುದನ್ನು ನೀವು ನೋಡಿರಬಹುದು. ಜಿಂಕೆ ಎಚ್ಚರಿಕೆಯ ಕೂಗು ಹಾಕಿತೇ? ಕಡವೆ ಕೂಗಿತೇ? ಮರದ ತುದಿಯಲ್ಲಿ ಮುಸುವ ಯಾವ ಕಡೆ ನೋಡುತ್ತಿದೆ? ಧೂಳಿನಲ್ಲಿ ಹೆಜ್ಜೆ ಹೊಸದೋ ಹಳೆಯದೋ? ಇದೆಲ್ಲ ಬೇಟೆಯ ಕಾಲದ ವಿದ್ಯೆ. ಆ ವಿದ್ಯೆಯನ್ನು ಅರಸರಿಗೂ ಆಂಗ್ಲರಿಗೂ ಕಲಿಸಿದವರು ಕಾಡಿನಲ್ಲೇ ಹುಟ್ಟಿ ಬೆಳೆದ ಜನ.

ಕಾಡು ಯಾರ ಮನೆ?

ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಈ ಕಾಡುಗಳ ಹಳೆಯ ನಿವಾಸಿಗಳು. ಖೆಡ್ಡಾದಲ್ಲಿ ದುಡಿದವರಲ್ಲಿ, ಆನೆ ಪಳಗಿಸಿದವರಲ್ಲಿ ಅನೇಕರು ಇವರೇ. ಇಂದಿಗೂ ಆನೆ ಶಿಬಿರಗಳ ಮಾವುತರು, ಕಾವಾಡಿಗಳು ಮತ್ತು ಕಳ್ಳಬೇಟೆ ತಡೆ ಶಿಬಿರಗಳ ಕಾವಲುಗಾರರಲ್ಲಿ ಇವರು ಬಹುಸಂಖ್ಯೆಯಲ್ಲಿದ್ದಾರೆ. ಆದರೆ ಕಾಡು ಅಭಯಾರಣ್ಯವಾದಾಗ, ಅಣೆಕಟ್ಟು ಎದ್ದಾಗ, ಹುಲಿಗೆ ಜಾಗ ಬೇಕಾದಾಗ ಇವರ ಹಾಡಿಗಳೇ ಹೊರಗೆ ಹೋಗಬೇಕಾಯಿತು.

1990ರ ದಶಕದಲ್ಲಿ ನಾಗರಹೊಳೆಯ ಒಳಗೆ, ಮೂರ್ಕಲ್ ಬಳಿ, ಅರಣ್ಯದ ಕಟ್ಟಡಗಳನ್ನು ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟಾಗ ಆದಿವಾಸಿಗಳು ಕೇಳಿದ ಪ್ರಶ್ನೆ ಸರಳವಾಗಿತ್ತು: ನಮ್ಮ ಗುಡಿಸಲು ಕಾಡಿಗೆ ತೊಂದರೆಯಾದರೆ ಹೋಟೆಲು ತೊಂದರೆಯಲ್ಲವೇ? 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದಿತು. 2006ರ ಅರಣ್ಯ ಹಕ್ಕು ಕಾಯ್ದೆ ಆದಿವಾಸಿಗಳ ಹಕ್ಕನ್ನು ಮಾನ್ಯ ಮಾಡಿತು. ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಕಾಡಿನ ಹೊರಗೆ ಶಾಲೆ, ಆಸ್ಪತ್ರೆ, ಜಮೀನು ಸಿಕ್ಕಿತೆಂದು ಒಪ್ಪಿ ಬಂದವರೂ ಇದ್ದಾರೆ. ದೇವರು, ಹಿರಿಯರ ಸಮಾಧಿಗಳು ಒಳಗೇ ಉಳಿದವೆಂದು ಇಂದಿಗೂ ಹೋರಾಡುವವರೂ ಇದ್ದಾರೆ. ಎರಡೂ ಮಾತನ್ನು ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.

ಕಂಡದ್ದು ಮತ್ತು ಎಣಿಸಿದ್ದು

ವಿಜ್ಞಾನ ಓದಿದವನಾದ್ದರಿಂದ ಈ ಭಾಗ ನನಗೆ ಹೆಚ್ಚು ಪ್ರಿಯ. ಹತ್ತು ಸಲ ಸಫಾರಿಗೆ ಹೋಗಿ ಹತ್ತು ಸಲವೂ ಹುಲಿ ಕಂಡರೆ ಕಾಡಿನಲ್ಲಿ ಹುಲಿ ಹೆಚ್ಚಿವೆ ಎಂದರ್ಥವೇ? ಅಲ್ಲ. ಒಂದೇ ಹುಲಿ ಹತ್ತು ಸಲ ಕಂಡಿರಬಹುದು. ಹಾಗಾದರೆ ಎಣಿಸುವುದು ಹೇಗೆ?

ಬಹಳ ಕಾಲ ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು. ಅದು ನಂಬಲರ್ಹವಲ್ಲ ಎಂದು ವಾದಿಸಿದವರು ಡಾ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ, ಎಂಜಿನಿಯರಿಂಗ್ ಓದಿ ವನ್ಯಜೀವಿ ವಿಜ್ಞಾನಕ್ಕೆ ಬಂದವರು. 1980ರ ದಶಕದಲ್ಲಿ ನಾಗರಹೊಳೆಯಲ್ಲಿ ಅಧ್ಯಯನ ಆರಂಭಿಸಿ, 1990ರಲ್ಲಿ ಹುಲಿಗಳಿಗೆ ರೇಡಿಯೊ ಕೊರಳಪಟ್ಟಿ ತೊಡಿಸಿದರು. ಆಮೇಲೆ ಪ್ರಾಣಿ ಎದುರಿಗೆ ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ದಾರಿಗಳ ಬದಿಯಲ್ಲಿ ಕಟ್ಟಿದರು. ಇದಕ್ಕೆ 'ಕ್ಯಾಮೆರಾ ಟ್ರ್ಯಾಪ್' ಎಂದು ಹೆಸರು. ನಮ್ಮ ಹೆಬ್ಬೆರಳಿನ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆದ್ದರಿಂದ ಚಿತ್ರ ನೋಡಿ ಇದು ಇಂಥದೇ ಹುಲಿ ಎಂದು ಹೇಳಬಹುದು.

ಲೆಕ್ಕದ ತತ್ತ್ವ ನಿಮ್ಮ ಮನೆಯಲ್ಲೇ ಮಾಡಿ ನೋಡುವಂಥದ್ದು. ಡಬ್ಬಿಯಲ್ಲಿ ಎಷ್ಟೋ ಅವರೆಕಾಳು ಇವೆ ಎನ್ನಿ. 20 ಕಾಳು ತೆಗೆದು ಶಾಯಿಯ ಗುರುತು ಹಾಕಿ ವಾಪಸ್ಸು ಹಾಕಿ, ಚೆನ್ನಾಗಿ ಕಲಕಿ. ಈಗ ಕಣ್ಣು ಮುಚ್ಚಿ 25 ಕಾಳು ತೆಗೆಯಿರಿ. ಅದರಲ್ಲಿ 10 ಕಾಳಿಗೆ ಗುರುತಿದ್ದರೆ? 25ರಲ್ಲಿ 10 ಎಂದರೆ ಐದರಲ್ಲಿ ಎರಡು ಪಾಲು. ಡಬ್ಬಿಯ ಒಟ್ಟು ಕಾಳಿನ ಐದರಲ್ಲಿ ಎರಡು ಪಾಲು 20 ಆದರೆ, ಒಟ್ಟು ಸುಮಾರು 50. ಕಾಡಿನಲ್ಲಿ ಗುರುತು ನಾವು ಹಾಕಬೇಕಾಗಿಲ್ಲ, ಹುಲಿಯ ಮೈಮೇಲೇ ಇದೆ. ನಿಜವಾದ ಲೆಕ್ಕ ಇದಕ್ಕಿಂತ ಜಟಿಲ; ಬೀಜ ಇದೇ. 1995ರಲ್ಲಿ ನಾಗರಹೊಳೆಯ ಹುಲಿಗಳ ಮೇಲೆ ಈ ವಿಧಾನದ ಪ್ರಬಂಧ ಪ್ರಕಟವಾಯಿತು. ರಾಜಸ್ಥಾನದ ಸರಿಸ್ಕದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ದೇಶವೇ ಹೆಜ್ಜೆ ಎಣಿಕೆಯನ್ನು ಕೈಬಿಟ್ಟು ಕ್ಯಾಮೆರಾಗಳತ್ತ ಹೊರಳಿತು. 2006ರಲ್ಲಿ ದೇಶದ ಅಂದಾಜು 1,411, 2022ರಲ್ಲಿ 3,682. ಕರ್ನಾಟಕದ ಪಾಲು 563. ಅದರಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141.

ಈ ಸಂಖ್ಯೆಯ ಹಿಂದೆ ಸಫಾರಿಯಲ್ಲಿ ಕಾಣದ ದುಡಿಮೆಯಿದೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಅಂಥ ದುಡಿಮೆಗೆ ಹೆಸರಾದವರು. ಕಳ್ಳಬೇಟೆಗಾರರನ್ನು, ಮರಗಳ್ಳರನ್ನು ಎದುರುಹಾಕಿಕೊಂಡು ಕಾಡು ಕಾಯ್ದರು. 2024ರಲ್ಲಿ ತೀರಿಕೊಂಡರು.

ಎಲ್ಲೆ ಎಲ್ಲಿ?

ಪ್ರವಾಸಿಗರು ಹೆಚ್ಚಿದಂತೆ ನ್ಯಾಯಾಲಯವೂ ಮಧ್ಯೆ ಬಂತು. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಅರಣ್ಯಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಕ್ಟೋಬರಿನಲ್ಲಿ ಮಾರ್ಗಸೂಚಿಯೊಂದಿಗೆ ಮತ್ತೆ ಅನುಮತಿ ಕೊಟ್ಟಿತು. ಒಳಭಾಗದ ಶೇಕಡಾ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸಿಗಳು ಓಡಾಡಬಾರದೆಂಬುದು ಅದರ ಒಂದು ನಿಯಮ. ಅಂದರೆ ನೀವು ಜೀಪಿನಿಂದ ನೋಡುವ ಬಂಡೀಪುರ ಇಡೀ ಬಂಡೀಪುರವಲ್ಲ.

ಹುಲಿಗಳು ಹೆಚ್ಚಿದ್ದು ಸಂತೋಷದ ಸುದ್ದಿ. ಆದರೆ ಕಾಡು ಹಿಗ್ಗಲಿಲ್ಲ. ವಯಸ್ಸಿಗೆ ಬಂದ ಹುಲಿಮರಿ ತನ್ನದೇ ಜಾಗ ಹುಡುಕಿ ಹೊರಡುತ್ತದೆ. ಮುದಿಯಾದ ಹುಲಿಯನ್ನು ಬಲಿಷ್ಠ ಹುಲಿ ಹೊರಗೆ ತಳ್ಳುತ್ತದೆ. ಹೊರಗೆ ಇರುವುದು ಹತ್ತಿಯ ಹೊಲ, ದನಕರು, ರೈತ. 2025ರ ಅಕ್ಟೋಬರ್–ನವೆಂಬರಿನಲ್ಲಿ ಸರಗೂರು ತಾಲ್ಲೂಕಿನ ಕಡೆ ಕೆಲವೇ ವಾರಗಳಲ್ಲಿ ಒಂದಾದ ಮೇಲೊಂದು ಹುಲಿ ದಾಳಿ ನಡೆದು ಜನ ಪ್ರಾಣ ಕಳೆದುಕೊಂಡರು. ಸಫಾರಿ ವಾಹನಗಳ ಗದ್ದಲದಿಂದಲೇ ಹುಲಿಗಳು ಹೊರಬರುತ್ತಿವೆ ಎಂಬುದು ರೈತರ ಆಪಾದನೆ. ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಲು ಆದೇಶಿಸಿ, ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಸಫಾರಿ ಮತ್ತು ದಾಳಿಗಳ ನಡುವೆ ನೇರ ಸಂಬಂಧವಿದೆಯೇ ಎಂಬುದು ಅಧ್ಯಯನದಿಂದ ತೀರ್ಮಾನವಾಗಬೇಕಾದ ಮಾತು. ಆದರೆ ರೈತರ ಸಿಟ್ಟಿನ ಹಿಂದಿನ ನ್ಯಾಯವನ್ನು ಅರಿಯಲು ಅಧ್ಯಯನ ಬೇಕಾಗಿಲ್ಲ. ಹುಲಿ ಕಂಡ ಸಂತೋಷ ಪಟ್ಟಣದವರಿಗೆ. ಹುಲಿಯೊಡನೆ ಬಾಳುವ ಭಯ ಅವರಿಗೆ.

"ನಮಗೂ ಅದಕ್ಕೂ ಏನು ಸಂಬಂಧ?" ಎನ್ನುವ ಹಾಗಿಲ್ಲ. ವಯನಾಡಿನಿಂದ ಹರಿದು ನಾಗರಹೊಳೆ, ಬಂಡೀಪುರಗಳ ನಡುವೆ ಸಾಗುವ ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿಗೆ ಕಾವೇರಿ ನೀರನ್ನು ಎತ್ತಿಕೊಳ್ಳುವುದು ಆ ಸಂಗಮಕ್ಕಿಂತ ಕೆಳಗೆ, ಶಿವನಸಮುದ್ರದ ಕಡೆ. ಆದ್ದರಿಂದ ಮಹಾಲಕ್ಷ್ಮಿ ಲೇಔಟಿನ ನಲ್ಲಿಯಲ್ಲಿ ಬರುವ ಕಾವೇರಿಯಲ್ಲಿ ಕಬಿನಿಯ ಪಾಲೂ ಇದೆ. ಆನೆ ನೀರು ಕುಡಿದ ಹೊಳೆಯ ನೀರೇ ನಿಮ್ಮ ಬಿಂದಿಗೆಗೂ ಬರುತ್ತದೆ. ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊಳೆಗೆ ಬಿಡುವುದು ಆ ಕಾಡೇ.

ಮುಂದಿನ ಸಲ ನೀವು ಅಲ್ಲಿಗೆ ಹೋಗುವ ಅವಕಾಶ ಬಂದರೆ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಈ ದಾರಿಯ ಎರಡು ಬದಿಯಲ್ಲಿ ಬೆಳೆದಿರುವುದು ನಮ್ಮ ಕಾಡಿನ ಗಿಡವೋ, ಹೊರನಾಡಿನಿಂದ ಬಂದು ಹಬ್ಬಿದ ಲಂಟಾನವೋ? ನಮಗೆ ದಾರಿ ತೋರಿಸುತ್ತಿರುವವರ ಊರು ಯಾವುದು, ಅವರ ಮನೆಯವರು ಮೊದಲು ಎಲ್ಲಿದ್ದರು? ಕಾಡಂಚಿನ ಹಳ್ಳಿಯಲ್ಲಿ ಕಳೆದ ವರ್ಷ ಎಷ್ಟು ದನಗಳನ್ನು ಹುಲಿ ಹಿಡಿಯಿತು, ಪರಿಹಾರ ಬಂತೇ? ಹುಲಿ ಕಾಣದಿದ್ದರೂ ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಕೇಳುವವರಿಗೆ ಹೇಳಲು ಅಲ್ಲಿನ ಜನರ ಬಳಿ ಬೇಕಾದಷ್ಟಿದೆ.